ಬಾಗಿಲು ತೆರೆಯುವ ಮೋಟಾರು

ಮೋಟಾರಿಗೂ ಸಾಹಿತ್ಯಕ್ಕೂ ಏನು ನಂಟು ಎಂದು ಈ ಪತ್ರಿಕೆಯ ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಇಲ್ಲಿ ಮಳೆಯ ಮೇಲೆ, ಮೂಗುತಿಯ ಮೇಲೆ, ಮಾವಿನ ಉಪ್ಪಿನಕಾಯಿಯ ಮೇಲೆ ಪ್ರಬಂಧಗಳು ಬಂದಿವೆ. ಓದಿ ನಾವೆಲ್ಲ ಸಂತೋಷಪಟ್ಟಿದ್ದೇವೆ. ಮೋಟಾರಿನ ಮೇಲೆ ಬಂದಂತೆ ನೆನಪಿಲ್ಲ. ಆದರೆ ತುಡಿಯಲೂರಿನಲ್ಲಿ ವಾಸವಾಗಿದ್ದು ಮೋಟಾರನ್ನು ಕುರಿತು ಬರೆಯದಿರುವುದು ಸಮುದ್ರತೀರದಲ್ಲಿದ್ದು ಉಪ್ಪನ್ನು ಮರೆತಂತೆ. ನಮ್ಮ ಬೀದಿಯಲ್ಲಿ ಬೆಳಗಾಗುವುದು ಕೋಳಿಯ ಕೂಗಿನಿಂದಲ್ಲ, ಮನೆಮನೆಯಲ್ಲೂ ತೊಟ್ಟಿಗೆ ನೀರು ಏರಿಸುವ ಮೋಟಾರಿನ ಗುಂಯ್‌ಗುಟ್ಟುವಿಕೆಯಿಂದ. ಅದು ನಿಂತರೆ ಹಿಟ್ಟು ರುಬ್ಬುವ ಗ್ರೈಂಡರು. ಗ್ರೈಂಡರು ನಿಲ್ಲುವ ಹೊತ್ತಿಗೆ ಹಿಂದಿನ ಬೀದಿಯ ಲೇತು. ಊರಿನ ಹೆಸರಿನ ಮೂಲವನ್ನು ತಮಿಳು ಬಲ್ಲವರು ಹೇಳಲಿ. ‘ತುಡಿ’ ಎಂದರೆ ಮಿಡಿಯುವುದು, ಹಂಬಲಿಸುವುದು ಎಂದು ತಿಳಿದ ಕನ್ನಡದ ಕಿವಿಗೆ ಆ ಹೆಸರು ಊರಿಗೆ ಒಪ್ಪುವಂತೆಯೇ ಇದೆ.

ಈ ಪ್ರಾಂತಕ್ಕೂ ಮೋಟಾರಿಗೂ ಇರುವ ನಂಟು ಹಳೆಯದು. ನೀಲಗಿರಿಯ ಪೈಕಾರಾದಲ್ಲಿ ಜಲವಿದ್ಯುತ್ತು ಹುಟ್ಟಿ 1932ರ ಸುಮಾರಿಗೆ ಬಯಲಿಗೆ ಇಳಿದು ಬಂದಿತು. ಹತ್ತಿಯ ಗಿರಣಿಗಳು ಅದನ್ನು ಕುಡಿದು ಬೆಳೆದವು. ಕಪಿಲೆಯ ಎತ್ತುಗಳು ಮೆಲ್ಲಮೆಲ್ಲನೆ ಬಾವಿಯ ದಡವನ್ನು ಬಿಟ್ಟವು. ಆ ಸ್ಥಳದಲ್ಲಿ ಪಂಪುಗಳು ಕುಳಿತವು. ಜಿ. ಡಿ. ನಾಯುಡು ಅವರ ಕಾರ್ಖಾನೆಯಲ್ಲಿ ಡಿ. ಬಾಲಸುಂದರಂ ನಾಯುಡು ಅವರ ಸಹಾಯದಿಂದ 1937ರಲ್ಲಿ ತಯಾರಾದ ವಿದ್ಯುತ್ ಮೋಟಾರನ್ನು ನಮ್ಮ ದೇಶದಲ್ಲೇ ಮೊದಲನೆಯದೆಂದು ಹೇಳುತ್ತಾರೆ. ಅಂದಿನಿಂದ ಕೊಯಮತ್ತೂರಿನ ಮನುಷ್ಯನಿಗೆ ಮೋಟಾರೆಂದರೆ ಅಂಜಿಕೆಯಿಲ್ಲ. ಬೇರೆ ಊರುಗಳಲ್ಲಿ ಮೋಟಾರು ಕೆಟ್ಟರೆ ಹೊಸದನ್ನು ಕೊಳ್ಳುತ್ತಾರೆ; ಇಲ್ಲಿ ಮೊದಲು ಅದನ್ನು ಬಿಚ್ಚಿ ನೋಡುತ್ತಾರೆ.

ನಾನು ಪಾಠ ಹೇಳುವವಳು. ತರಬೇತಿಯ ಕಾಲದಲ್ಲಿ ವಿಜ್ಞಾನದ ಪಾಠಕ್ಕೆಂದು ಮೊಳೆ, ತಂತಿ, ಅಯಸ್ಕಾಂತಗಳಿಂದ ಒಂದು ಆಟಿಕೆಯ ಮೋಟಾರನ್ನು ಮಾಡಿಸಿದ್ದರು; ಅದು ಮೂರು ಸುತ್ತು ಸುತ್ತಿ ನಿಂತಿತು, ನನಗೆ ಅಂಕವೂ ಬಂದಿತು. ನಿಜವಾದ ಮೋಟಾರಿನ ಹೊಟ್ಟೆಯನ್ನು ಕಾಣುವ ಪ್ರಸಂಗ ಬಂದುದು ಹೋದ ವರ್ಷ, ನಮ್ಮ ಭಾನುವಾರದ ಕನ್ನಡ ತರಗತಿಯ ಒಬ್ಬ ಹುಡುಗಿಯ ದೆಸೆಯಿಂದ.

ಈ ತರಗತಿಯ ವಿಷಯವನ್ನು ತಾಳವಾಡಿಯಲ್ಲಿಯೂ ಹೊಸೂರಿನಲ್ಲಿಯೂ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ ನನ್ನ ಮಿತ್ರರಿಗೆ ಸ್ವಲ್ಪ ಹೇಳಬೇಕು. ಕೊಯಮತ್ತೂರು ಸೀಮೆ 1799ರವರೆಗೆ ಮೈಸೂರಿನ ಆಳ್ವಿಕೆಗೆ ಸೇರಿತ್ತು. ದೊರೆತನಗಳು ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ನೇಯ್ಗೆಯ ದೇವಾಂಗರ ಮನೆಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ಇಂದಿಗೂ ಅಜ್ಜಿ ಮೊಮ್ಮಕ್ಕಳನ್ನು ಕರೆಯುವುದು ಕನ್ನಡದಲ್ಲಿ. ಆದರೆ ಅಕ್ಷರ ತಮಿಳಿನದು, ಶಾಲೆ ತಮಿಳಿನದು ಅಥವಾ ಇಂಗ್ಲಿಷಿನದು. ಆದುದರಿಂದ ಭಾನುವಾರ ಎರಡು ಗಂಟೆಯ ಕಾಲ ಒಂದು ಮನೆಯ ಹಜಾರದಲ್ಲಿ ನಾವು ಅ, ಆ, ಇ, ಈ ತಿದ್ದಿಸುತ್ತೇವೆ. ಬರುವ ಮಕ್ಕಳು ಹದಿನೆಂಟು ಇಪ್ಪತ್ತು. ಅವರಲ್ಲಿ ಒಬ್ಬಳು ಗಾಲಿಕುರ್ಚಿಯಲ್ಲಿ ಬರುತ್ತಾಳೆ. ಹತ್ತು ವರ್ಷದ ಹುಡುಗಿ. ಹುಟ್ಟಿದಾಗಿನಿಂದ ಕಾಲುಗಳಲ್ಲಿ ಶಕ್ತಿಯಿಲ್ಲ. ತಂದೆ ಸಿರುಮುಗೈ ಕಡೆಯ ನೇಕಾರರ ಮನೆತನದವನು. ಮಗ್ಗ ಬಿಟ್ಟು ಪಂಪಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಓದುವುದರಲ್ಲಿ ಹುಡುಗಿ ಎಲ್ಲರಿಗಿಂತ ಮುಂದು, ಮಾತಿನಲ್ಲಿ ಇನ್ನೂ ಮುಂದು.

ಅವಳನ್ನು ಕರೆತರುತ್ತಿದ್ದುದು ಒಂದು ಸೇವಾಸಂಸ್ಥೆಯ ವ್ಯಾನು. ವಾರದ ದಿನಗಳಲ್ಲಿ ಆ ವ್ಯಾನು ಇಂಥ ಏಳೆಂಟು ಮಂದಿಯನ್ನು ಶಾಲೆಗೆ, ಆಸ್ಪತ್ರೆಗೆ, ಅಂಗಸಾಧನೆಯ ಚಿಕಿತ್ಸೆಗೆ ಕರೆದೊಯ್ಯುತ್ತದೆ. ಭಾನುವಾರ ನಮ್ಮ ಪಾಲಿಗೆ. ಪಕ್ಕದ ಬಾಗಿಲು ಗುಂಡಿ ಒತ್ತಿದರೆ ತಾನಾಗಿ ಸರಿಯುತ್ತದೆ. ಒಳಗಿನಿಂದ ಒಂದು ಕಬ್ಬಿಣದ ಮಣೆ ಹೊರಚಾಚಿ ನೆಲಕ್ಕೆ ಇಳಿಯುತ್ತದೆ. ಕುರ್ಚಿಯನ್ನು ಅದರ ಮೇಲೆ ತಳ್ಳಿ, ಚಕ್ರಕ್ಕೆ ತಡೆ ಹಾಕಿದರೆ, ಮಣೆ ಮೆಲ್ಲನೆ ಮೇಲೇರಿ ವ್ಯಾನಿನ ನೆಲದ ಮಟ್ಟಕ್ಕೆ ನಿಲ್ಲುತ್ತದೆ. ನೋಡಲು ಇಷ್ಟೇ. ಮೊದಲ ದಿನ ತರಗತಿಯ ಮಕ್ಕಳೆಲ್ಲ ಬೀದಿಗೆ ಓಡಿಬಂದು ಅದನ್ನು ತೇರಿನಂತೆ ನೋಡಿದರು. ಹುಡುಗಿ ರಾಣಿಯಂತೆ ಇಳಿದಳು. ‘ನಿಮಗೆ ಮೆಟ್ಟಿಲು, ನನಗೆ ಲಿಫ್ಟು’ ಎಂದು ಅವಳು ಅಂದದ್ದು ಈಗಲೂ ತರಗತಿಯಲ್ಲಿ ಗಾದೆಯಂತೆ ಚಲಾವಣೆಯಲ್ಲಿದೆ.

ಒಂದು ಭಾನುವಾರ ಮಣೆ ಮೇಲೇಳಲಿಲ್ಲ. ಅರ್ಧ ಅಡಿ ಎದ್ದು, ನರಳಿ, ನಿಂತುಬಿಟ್ಟಿತು. ಬಾಗಿಲೂ ಕೆಲವು ದಿನಗಳಿಂದ ಅರ್ಧದಲ್ಲಿ ನಿಲ್ಲುತ್ತಿದ್ದಿತಂತೆ. ಅಂದು ತಂದೆಯೂ ಚಾಲಕನೂ ಹುಡುಗಿಯನ್ನು ಎತ್ತಿ ಒಳಗೆ ಕೂರಿಸಿದರು. ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನಾನು ಮನೆಗೆ ಹೋದೆ. ಅಜ್ಜಿ ಜಗಲಿಯಲ್ಲಿ ಕುಳಿತಿದ್ದರು. ‘ಏನು ಮಾಡ್ಲಿ ಟೀಚರಮ್ಮ, ಎತ್ತಿಕೊಂಡು ಹೋಗ್ತೀವಿ ಅಂದ್ರೆ ಒಲ್ಲೆ ಅಂತಾಳೆ. ಅವಳಪ್ಪನಿಗೆ ಬೆನ್ನು ನೋವು ಬೇರೆ’ ಎಂದರು. ಹುಡುಗಿ ಒಳಗಿನಿಂದಲೇ ಉತ್ತರ ಕೊಟ್ಟಳು: ‘ನಾನೇನು ಮೂಟೆಯಲ್ಲ.’

ಈ ಮಾತಿಗೆ ನನ್ನಲ್ಲಿ ಜವಾಬಿರಲಿಲ್ಲ. ಮಗುವಾಗಿದ್ದಾಗ ಎತ್ತಿಕೊಳ್ಳುವುದು ಪ್ರೀತಿ. ಹತ್ತು ವರ್ಷದವಳನ್ನು ಬೀದಿಯ ಎದುರಿಗೆ ಇಬ್ಬರು ಗಂಡಸರು ಕೈಕಾಲು ಹಿಡಿದು ಎತ್ತುವುದು ಬೇರೆ. ನಾವು ನಡೆಯುವವರು ಬಾಗಿಲು ದಾಟುವಾಗ ದಾಟುತ್ತಿದ್ದೇವೆಂಬ ಎಚ್ಚರವೂ ನಮಗಿರುವುದಿಲ್ಲ. ಅವಳಿಗೆ ಆ ಎರಡಡಿಯ ಎತ್ತರವೇ ಒಂದು ಬೆಟ್ಟ. ಅದನ್ನು ಯಾರ ಹಂಗೂ ಇಲ್ಲದೆ ದಾಟಿಸುತ್ತಿದ್ದುದು ಒಂದು ಮೋಟಾರು. ಮೋಟಾರು ಕೆಟ್ಟಿದ್ದರಿಂದ ಅವಳ ಕನ್ನಡ ನಿಂತಿತು. ವಾರದ ದಿನಗಳಲ್ಲಿ ಇನ್ನೂ ಏಳು ಮಂದಿಯ ಶಾಲೆಯೂ ಚಿಕಿತ್ಸೆಯೂ ನಿಂತವು.

ಸಂಸ್ಥೆಯವರು ಸುಮ್ಮನೆ ಕುಳಿತಿರಲಿಲ್ಲ. ಲಿಫ್ಟನ್ನು ಮಾರಿದ ವ್ಯಾಪಾರಿಯನ್ನು ಕೇಳಿದ್ದರು. ಮೋಟಾರು, ಪಂಪು, ಎಣ್ಣೆಯ ತೊಟ್ಟಿ ಮೂರೂ ಒಂದೇ ಘಟಕವೆಂದೂ, ಇಡಿಯಾಗಿಯೇ ಬದಲಾಯಿಸಬೇಕೆಂದೂ, ಬಾಗಿಲಿನದು ಬೇರೆ ಲೆಕ್ಕವೆಂದೂ ಉತ್ತರ ಬಂದಿತ್ತು. ಹೇಳಿದ ಮೊತ್ತ ನನ್ನ ಒಂದು ತಿಂಗಳ ಸಂಬಳವನ್ನು ಮೀರಿತ್ತು. ದಾನದಿಂದ ನಡೆಯುವ ಸಂಸ್ಥೆಗೆ ಅದು ಸುಲಭವಲ್ಲ. ಆಗ ಹುಡುಗಿಯ ತಂದೆ, ‘ಗಣಪತಿ ಕಡೆ ಒಬ್ಬ ವೈಂಡಿಂಗ್ ಅಣ್ಣಾಚ್ಚಿ ಇದ್ದಾರೆ, ಅವರಿಗೆ ಒಂದು ಸಲ ತೋರಿಸೋಣ’ ಎಂದ. ನಾನೂ ಜೊತೆಗೆ ಹೋದೆ. ಹುಡುಗಿಯೂ ಹಟ ಹಿಡಿದು ಬಂದಳು. ತನ್ನ ಲಿಫ್ಟಿಗೆ ಏನಾಗಿದೆಯೆಂದು ಅವಳಿಗೆ ತಿಳಿಯಬೇಕಾಗಿತ್ತು.

ಅಣ್ಣಾಚ್ಚಿ ಅರವತ್ತು ದಾಟಿದವರು. ಅಂಗಡಿ ಹತ್ತಡಿ ಅಗಲ. ಗೋಡೆಯ ತುಂಬ ತಾಮ್ರದ ತಂತಿಯ ಸುರುಳಿಗಳು, ವಾರ್ನಿಷಿನ ವಾಸನೆ. ಅವರು ಮೋಟಾರನ್ನು ಬಿಚ್ಚುತ್ತಾರೆಂದು ನಾನು ಎಣಿಸಿದ್ದೆ. ಅವರು ಮೊದಲು ಕೈಗೆ ತೆಗೆದುಕೊಂಡದ್ದು ವೋಲ್ಟ್ ಅಳೆಯುವ ಮೀಟರನ್ನು. ‘ಮೋಟಾರನ್ನು ಬೈಯುವುದಕ್ಕೆ ಮುಂಚೆ ಅದಕ್ಕೆ ಊಟ ಸಿಕ್ಕಿತೇ ನೋಡಬೇಕು, ಟೀಚರಮ್ಮ’ ಎಂದು ತಮಿಳಿನಲ್ಲಿ ಹೇಳಿದರು.

ಆ ಮಾತಿನಲ್ಲಿ ಒಂದು ಪಾಠವೇ ಅಡಗಿತ್ತು. ವ್ಯಾನಿನ ಬ್ಯಾಟರಿ 12 ವೋಲ್ಟಿನದು. ತುಂಬಿದ್ದು ಸುಮ್ಮನಿದ್ದಾಗ 12.6 ವೋಲ್ಟಿನಷ್ಟು ತೋರಿಸುತ್ತದೆ. ನಮ್ಮ ಮನೆಯ ವಿದ್ಯುತ್ತು 230 ವೋಲ್ಟು. ಒಂದೇ ಅಳತೆಯ ಕೆಲಸವನ್ನು 12 ವೋಲ್ಟಿನಲ್ಲಿ ಮಾಡಬೇಕಾದರೆ ಹೆಚ್ಚು ಕಡಿಮೆ 19 ಪಟ್ಟು ಪ್ರವಾಹ ಹರಿಯಬೇಕು. ಆದುದರಿಂದಲೇ ಲಿಫ್ಟಿನ ತಂತಿಗಳು ಹೆಬ್ಬೆರಳಿನ ಗಾತ್ರವಿರುತ್ತವೆ. ಭಾರ ಎತ್ತುವಾಗ 100 ಆಂಪಿಯರು ಹರಿಯುವುದೆಂದು ಇಟ್ಟುಕೊಳ್ಳಿ. ದಾರಿಯಲ್ಲಿ ಎಲ್ಲೋ ಒಂದು ಬೋಲ್ಟು ತುಕ್ಕು ಹಿಡಿದು ಒಂದು ಓಮಿನ ನೂರರಲ್ಲಿ ಎರಡು ಪಾಲು ಮಾತ್ರ ಅಡ್ಡಿಮಾಡಿದರೂ, ಓಮನ ನಿಯಮದಂತೆ 2 ವೋಲ್ಟು ಅಲ್ಲೇ ಕಳೆದುಹೋಗುತ್ತದೆ. ಹನ್ನೆರಡರಲ್ಲಿ ಎರಡೆಂದರೆ ಆರನೆಯ ಒಂದು ಪಾಲು. ಕಳೆದದ್ದು 200 ವಾಟಿನ ಶಾಖವಾಗಿ ಆ ಬೋಲ್ಟನ್ನೇ ಸುಡುತ್ತದೆ. ಪ್ರೌಢಶಾಲೆಯ ಮಕ್ಕಳಿಗೆ ಓಮನ ನಿಯಮವನ್ನು ಹೇಳಿಕೊಡುವ ಮಿತ್ರರು ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದು ನೋಡಬಹುದು, ಮಕ್ಕಳು ಮರೆಯಲಾರರು.

ಅಣ್ಣಾಚ್ಚಿ ಲಿಫ್ಟಿನ ಗುಂಡಿಯನ್ನು ಒತ್ತಿಸಿ ಅಳೆದರು. ಬ್ಯಾಟರಿಯ ತುದಿಯಲ್ಲಿ 11.8, ಮೋಟಾರಿನ ತುದಿಯಲ್ಲಿ 9.4. ಎರಡೂಕಾಲು ವೋಲ್ಟಿಗೂ ಹೆಚ್ಚು ನಡುದಾರಿಯಲ್ಲಿ ಮಾಯವಾಗಿತ್ತು. ತಂತಿಯ ಜಾಡು ಹಿಡಿದು ಹೋದರೆ, ವ್ಯಾನಿನ ಕೆಳಗೆ ಮೈಕಬ್ಬಿಣಕ್ಕೆ ಬಿಗಿದಿದ್ದ ಅರ್ತಿಂಗ್ ಪಟ್ಟಿ ಮಳೆಯ ಕೆಸರಿನಲ್ಲಿ ತುಕ್ಕು ಹಿಡಿದಿತ್ತು. ಉಜ್ಜಿ, ತೊಳೆದು, ಹೊಸ ಬೋಲ್ಟು ಹಾಕಿದ ಮೇಲೆ ಮೋಟಾರಿನ ತುದಿಯಲ್ಲಿ 11.3 ಬಂದಿತು. ಇದಕ್ಕೆ ತಗುಲಿದ್ದು ಒಂದು ಬೋಲ್ಟು, ಒಂದು ಉಪ್ಪುಕಾಗದ. ಎಷ್ಟೋ ಕಡೆ ಇಷ್ಟಕ್ಕೇ ರೋಗ ವಾಸಿಯಾಗುತ್ತದಂತೆ. ಆದರೆ ಅಷ್ಟರಲ್ಲಿ ಜನ ಹೊಸ ಮೋಟಾರಿಗೆ ಹಣ ಕೊಟ್ಟಿರುತ್ತಾರೆ. ಬ್ಯಾಟರಿ, ಅರ್ತಿಂಗ್, ಫ್ಯೂಸು, ರಿಲೇ, ಮಿತಿಯ ಸ್ವಿಚ್ಚು, ಕೊನೆಗೆ ಮೋಟಾರು: ಇದು ಅವರ ಕ್ರಮ. ಅಗ್ಗದ್ದನ್ನು ಮೊದಲು, ದುಬಾರಿಯದನ್ನು ಆಮೇಲೆ.

ನಮ್ಮ ಅದೃಷ್ಟ ಅಷ್ಟಕ್ಕೇ ಮುಗಿಯಲಿಲ್ಲ. ಊಟ ಸರಿಯಾಗಿ ಸಿಕ್ಕಿದ ಮೇಲೂ ಮೋಟಾರು ನರಳುತ್ತಲೇ ಇತ್ತು. ಮೊದಲು ಮಣೆಯ ಕೆಳಗೆ ಎರಡು ಮರದ ದಿಮ್ಮಿ ಕೊಟ್ಟು ಭಾರವನ್ನು ಇಳಿಸಿದರು. ಬ್ಯಾಟರಿಯ ತಂತಿಯನ್ನು ಕಳಚಿದರು. ಆ ಮೇಲೆಯೇ ತಿರುಪುಳಿ ಕೈಗೆ ಬಂದಿತು. ಹೀಗೆ ಮಾಡದೆ ಎಣ್ಣೆಯ ಕೊಳವೆಯನ್ನು ಬಿಚ್ಚಿದರೆ, ಎತ್ತಿ ನಿಂತ ಮಣೆ ಬಿಚ್ಚಿದವನ ತಲೆಯ ಮೇಲೆಯೇ ಇಳಿಯುತ್ತದೆ.

ಲಿಫ್ಟಿನ ಕೆಲಸವನ್ನು ಹುಡುಗಿಗೆ ಅವರು ವಿವರಿಸಿದ ರೀತಿ ನಮ್ಮ ತರಬೇತಿಯ ಯಾವ ಪಾಠಯೋಜನೆಗೂ ಕಡಿಮೆಯಿರಲಿಲ್ಲ. ಮೋಟಾರು ನೇರವಾಗಿ ಅವಳನ್ನು ಎತ್ತುವುದಿಲ್ಲ. ಅದು ಒಂದು ಸಣ್ಣ ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಸಿಲಿಂಡರಿಗೆ ನೂಕುತ್ತದೆ. ಎಣ್ಣೆ ಕೊಂತವನ್ನು ನೂಕುತ್ತದೆ. ಕೊಂತ ಮಣೆಯನ್ನು ಎತ್ತುತ್ತದೆ. ಹೋಳಿಯ ಪಿಚಕಾರಿಯನ್ನು ತಿರುಗಾಮುರುಗಾ ಮಾಡಿದಂತೆ. ಇಳಿಯುವಾಗ ಮೋಟಾರಿಗೆ ಕೆಲಸವಿಲ್ಲ. ಒಂದು ವಾಲ್ವು ಸ್ವಲ್ಪವೇ ತೆರೆದು ಎಣ್ಣೆಯನ್ನು ಹಿಂದಕ್ಕೆ ಬಿಡುತ್ತದೆ, ಮಣೆ ತನ್ನ ಭಾರದಿಂದಲೇ ಇಳಿಯುತ್ತದೆ. ‘ಹಾಗಾದರೆ ಹತ್ತಿಸುವುದು ಮೋಟಾರು, ಇಳಿಸುವುದು ಭೂಮಿ’ ಎಂದಳು ಹುಡುಗಿ. ಅಣ್ಣಾಚ್ಚಿ ತಲೆದೂಗಿದರು.

ಮೋಟಾರಿನ ಮುಚ್ಚಳ ತೆಗೆದಾಗ ಕಂಡದ್ದು ಕಪ್ಪು ಕೆಸರು. ತಿರುಗುವ ಆರ್ಮೇಚರಿಗೆ ವಿದ್ಯುತ್ತನ್ನು ಮುಟ್ಟಿಸುವುದು ಕಾರ್ಬನ್ ಬ್ರಷ್ಷು. ಹೆಸರು ಬ್ರಷ್ಷಾದರೂ ನೋಡಲು ಬಳಪದ ತುಂಡು. ಬಳಪದಂತೆಯೇ ಸವೆಯುವುದು ಅದರ ಧರ್ಮ. ಸವೆದ ಪುಡಿಗೆ ಎಲ್ಲಿಂದಲೋ ಎಣ್ಣೆ ಸೇರಿ ಕೆಸರಾಗಿತ್ತು. ಕೆಸರಿನಲ್ಲಿ ಬ್ರಷ್ಷು ಸಿಕ್ಕಿಕೊಂಡು ಕಿಡಿ ಹಾರಿಸಿ, ಕಮ್ಯುಟೇಟರಿನ ತಾಮ್ರದಲ್ಲಿ ಗೀರು ಬಿದ್ದು, ಎರಡು ಸುತ್ತುಗಳು ಸುಟ್ಟು ಕರಕಾಗಿದ್ದವು. ಎಣ್ಣೆ ಬಂದುದು ಪಂಪಿನ ಕಡೆಯಿಂದ. ನಡುವಿನ ಎಣ್ಣೆ ತಡೆಯುವ ಸೀಲು ಬಿರಿದಿತ್ತು. ಅಣ್ಣಾಚ್ಚಿ ಆ ಪುಟ್ಟ ರಬ್ಬರಿನ ಬಳೆಯನ್ನು ಎತ್ತಿ ತೋರಿಸಿದರು: ‘ಕೊಲೆಗಾರ ಇವನು. ಇವನನ್ನು ಬಿಟ್ಟು ಹೊಸ ಮೋಟಾರು ಕೂರಿಸಿದರೆ ಅದೂ ಕೆಲವು ತಿಂಗಳಲ್ಲಿ ಸಾಯುತ್ತದೆ.’ ಏನನ್ನು ಬದಲಾಯಿಸಬೇಕೆಂಬುದಕ್ಕಿಂತ ಮೊದಲು ಏಕೆ ಕೆಟ್ಟಿತೆಂದು ಕೇಳುವುದು ದೊಡ್ಡ ಉಳಿತಾಯವೆಂದು ನಾನು ಅಂದು ಕಲಿತೆ.

ಇನ್ನು ಮೋಟಾರು. ಸುತ್ತನ್ನು ಮತ್ತೆ ಹಾಕಬಹುದು, ಆದರೆ ಕಮ್ಯುಟೇಟರು ತೀರ ಸವೆದಿತ್ತು. ಹೊಸದು ಬೇಕು. ಇಡೀ ಘಟಕ ಬೇಡ, ಮೋಟಾರು ಮಾತ್ರ ಸಾಕು. ಈ ಹಂತದಲ್ಲಿ ನೆರೆಯ ಒಬ್ಬ ಹಿತೈಷಿ ಉಕ್ಕಡದ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಮೋಟಾರನ್ನು ತಂದುಕೊಟ್ಟರು. ಅದೂ 12 ವೋಲ್ಟಿನದೇ, ಗಾತ್ರವೂ ಅದೇ, ಬೆಲೆ ಹೇಳಿದರೆ ನಗು ಬರುವಷ್ಟು ಕಡಿಮೆ. ನಮಗೆಲ್ಲ ಆಸೆಯಾಯಿತು. ಅಣ್ಣಾಚ್ಚಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಮೇಜಿನ ಮೇಲೆ ಇಟ್ಟರು, ಬೇಡವೆಂದರು.

ಕಾರಣಗಳನ್ನು ಅವರು ಬೆರಳು ಮಡಿಸಿ ಹೇಳಿದರು. ವೋಲ್ಟು ಒಂದೇ ಆದರೆ ಸಾಲದು. ತಿರುಗುವ ದಿಕ್ಕು ಒಂದಾಗಬೇಕು. ಈ ಪಂಪು ಒಂದೇ ದಿಕ್ಕಿಗೆ ನೂಕುವಂಥದು, ಎದುರು ದಿಕ್ಕಿಗೆ ತಿರುಗಿಸಿದರೆ ಎಣ್ಣೆಯೂ ಏರದು, ಸೀಲೂ ಉಳಿಯದು. ವೇಗ ಒಂದಾಗಬೇಕು, ಹೆಚ್ಚಾದರೆ ಮಣೆ ಜಿಗಿಯುತ್ತದೆ, ಕಡಿಮೆಯಾದರೆ ತೆವಳುತ್ತದೆ. ದಂಡದ ತುದಿ ಪಂಪಿನ ತುದಿಗೆ ಬೀಗಕ್ಕೆ ಬೀಗದ ಕೈಯಂತೆ ಕೂಡಬೇಕು. ಅರದಿಂದ ಉಜ್ಜಿ ಕೂಡಿಸಿದ್ದು ಒಂದು ದಿನ ಜಾರುತ್ತದೆ. ಎಷ್ಟು ಹೊತ್ತು ಎಡೆಬಿಡದೆ ಓಡಲು ಅದು ತಕ್ಕದ್ದು, ಎಷ್ಟು ಭಾರಕ್ಕೆ ಎಷ್ಟು ಪ್ರವಾಹ ಎಳೆಯುತ್ತದೆ ಎಂಬುದು ಅದರ ಹೆಸರಿನ ತಗಡಿನಲ್ಲಿರಬೇಕು. ಈ ಹಳೆಯ ಮೋಟಾರಿನ ತಗಡೇ ಇರಲಿಲ್ಲ. ‘ಗ್ರೈಂಡರಿಗೆ ಹಾಕು ಅನ್ನಿ, ಹಾಕುತ್ತೇನೆ. ಕೆಟ್ಟರೆ ಹಿಟ್ಟು ನಿಲ್ಲುತ್ತದೆ. ಇದರ ಮೇಲೆ ಮಗು ಕೂರುತ್ತದೆ’ ಎಂದರು. ಹಿತೈಷಿ ಮುನಿಸಿಕೊಳ್ಳಲಿಲ್ಲ, ಮೋಟಾರನ್ನು ಹಿಂದಕ್ಕೆ ಕೊಟ್ಟು ಬಂದರು.

ಹಳೆಯ ಮೋಟಾರಿನ ತಗಡಿನ ಅಂಕಿಗಳನ್ನೆಲ್ಲ ಬರೆದುಕೊಂಡು, ಅದೇ ಜಾತಿಯ ಹೊಸದೊಂದನ್ನು ಹೈಡ್ರಾಲಿಕ್ ಸಾಮಾನಿನ ಅಂಗಡಿಯಿಂದ ತರಿಸಿದರು. ಮೋಟಾರು, ಸೀಲು, ಹೊಸ ಎಣ್ಣೆ, ಕೂಲಿ ಎಲ್ಲ ಸೇರಿ ಮೊದಲು ಹೇಳಿದ್ದ ಮೊತ್ತದ ಕಾಲು ಪಾಲಿನಷ್ಟಾಯಿತು. ಆದರೆ ಒತ್ತಡವನ್ನು ಮಿತಿಗೊಳಿಸುವ ವಾಲ್ವನ್ನು ಅಣ್ಣಾಚ್ಚಿ ಮುಟ್ಟಲಿಲ್ಲ. ‘ವಿದ್ಯುತ್ತು ನನ್ನದು, ಭಾರ ಹೊರುವುದು ನನ್ನದಲ್ಲ’ ಎಂದು, ಲಿಫ್ಟುಗಳನ್ನೇ ನೋಡುವ ಒಬ್ಬ ಮೆಕಾನಿಕ್ಕನ್ನು ಕರೆಸಿ ಕೊಳವೆ, ಸಿಲಿಂಡರು, ಸರಪಳಿ, ಪಿನ್ನುಗಳನ್ನು ನೋಡಿಸಿದರು. ತನ್ನ ವಿದ್ಯೆಯ ಗಡಿಯನ್ನು ಬಲ್ಲವರನ್ನು ಕಂಡರೆ ನನಗೆ ಯಾವಾಗಲೂ ಗೌರವ. ಅಂದು ಅದು ಇಮ್ಮಡಿಯಾಯಿತು.

ಬಾಗಿಲಿನ ಮೋಟಾರು ಚಿಕ್ಕದು, ಅದರ ರೋಗವೂ ಚಿಕ್ಕದು. ಹಳಿಯಲ್ಲಿ ಮರಳು ತುಂಬಿತ್ತು, ಎಳೆಯುವ ಉಕ್ಕಿನ ಹಗ್ಗದ ಎಳೆಗಳು ಬಿಚ್ಚಿಕೊಂಡಿದ್ದವು, ಬ್ರಷ್ಷು ಸವೆದಿತ್ತು. ಹಳಿಯನ್ನು ತೊಳೆದು, ಹಗ್ಗವನ್ನೂ ಬ್ರಷ್ಷನ್ನೂ ಬದಲಿಸಿದರೆ ಸಾಕಾಯಿತು. ಬಾಗಿಲು ಅರ್ಧದಲ್ಲಿ ನಿಲ್ಲುತ್ತಿದ್ದುದು ಮೋಟಾರಿನ ಸೋಮಾರಿತನದಿಂದಲ್ಲ. ಅಡ್ಡಿ ಬಂದರೆ ಹೆಚ್ಚಾಗುವ ಪ್ರವಾಹವನ್ನು ಕಂಡು ನಿಲ್ಲುವ ಏರ್ಪಾಟು ಅದರಲ್ಲಿತ್ತು, ಮರಳನ್ನೇ ಅದು ಯಾರದೋ ಕೈಯೆಂದು ತಿಳಿದಿತ್ತು. ಅಲ್ಲಿ ಯಾರೋ ಮೊದಲೇ ದೊಡ್ಡ ಫ್ಯೂಸನ್ನು ಸಿಕ್ಕಿಸಿದ್ದರು. ಅಣ್ಣಾಚ್ಚಿ ಅದನ್ನು ಕಿತ್ತು, ತಗಡಿನಲ್ಲಿ ಹೇಳಿದ ಅಳತೆಯದನ್ನೇ ಹಾಕಿದರು. ಫ್ಯೂಸು ಸುಡುವುದು ತಂತಿ ಸುಡಬಾರದೆಂದು. ಅದನ್ನು ದೊಡ್ಡದು ಮಾಡುವುದು ಕಾವಲುಗಾರನಿಗೆ ನಿದ್ದೆಯ ಮಾತ್ರೆ ಕೊಟ್ಟಂತೆ.

ಎಲ್ಲ ಕೂಡಿಸಿದ ಮೇಲೆ ಹುಡುಗಿ, ‘ನಾನು ಹತ್ತಲೇ?’ ಎಂದಳು. ಅಣ್ಣಾಚ್ಚಿ ಕೈ ಅಡ್ಡ ಹಿಡಿದರು. ಲಿಫ್ಟಿನ ತಗಡಿನಲ್ಲಿ 300 ಕಿಲೋ ಎಂದಿತ್ತು. 50 ಕಿಲೋದ ಸಿಮೆಂಟಿನ ಆರು ಮೂಟೆಗಳನ್ನು ತಂದು ಮಣೆಯ ಮೇಲೆ ಹೊಂದಿಸಿ ಕಟ್ಟಿಸಿದರು. ಎಲ್ಲರನ್ನೂ ದೂರ ನಿಲ್ಲಿಸಿ, ಗುಂಡಿ ಒತ್ತಿದರು. ಮಣೆ ಎದ್ದಿತು. ಅರ್ಧ ಎತ್ತರದಲ್ಲಿ ನಿಲ್ಲಿಸಿ, ಪಕ್ಕದ ಕಂಬದ ಮೇಲೆ ಸೀಮೆಸುಣ್ಣದಿಂದ ಗೀಟು ಎಳೆದು, ಎಲ್ಲರಿಗೂ ಚಹಾ ತರಿಸಿದರು. ಅರ್ಧ ಗಂಟೆಯ ಮೇಲೆ ನೋಡಿದರೆ ಮಣೆ ಗೀಟಿನಲ್ಲೇ ಇತ್ತು. ಇಳಿದಿದ್ದರೆ ಎಣ್ಣೆ ಎಲ್ಲೋ ಸೋರುತ್ತಿದೆಯೆಂದು ಅರ್ಥ. ಆ ಮೇಲೆ ವಿದ್ಯುತ್ತನ್ನು ತೆಗೆದು, ಕೈಪಂಪಿನಿಂದ ಎತ್ತಿ, ಕೈವಾಲ್ವಿನಿಂದ ಇಳಿಸಿ ನೋಡಿದರು. ದಾರಿಯ ನಡುವೆ ಬ್ಯಾಟರಿ ಸತ್ತರೆ ಒಳಗಿರುವವರು ಸೆರೆಯಾಗಬಾರದಲ್ಲ! ನಿಲುಗಡೆಯ ಬ್ರೇಕು ಎಳೆಯದೆ ಗುಂಡಿ ಒತ್ತಿದರೆ ಮಣೆ ಅಲುಗಬಾರದು, ಅಲುಗಲಿಲ್ಲ. ಮಣೆ ಮೇಲಿದ್ದಾಗ ಅದರ ಹೊರ ಅಂಚಿನ ತಡೆಹಲಗೆ ಎದ್ದು ನಿಲ್ಲಬೇಕು, ನಿಂತಿತು. ಬಾಗಿಲಿಗೆ ಕೈ ಕೊಡುವ ಬದಲು ಒಂದು ಬಾಳೆದಿಂಡನ್ನು ಅಡ್ಡ ಹಿಡಿದರು. ಬಾಗಿಲು ಅದನ್ನು ಮುಟ್ಟಿ ಹಿಂದೆ ಸರಿಯಿತು, ದಿಂಡಿನ ಮೇಲೆ ಗುರುತು ಮಾತ್ರ ಬಿದ್ದಿತು. ‘ಮೂಟೆಗಳು ಹತ್ತಿ ಇಳಿದಾಯಿತು, ಇನ್ನು ಮನುಷ್ಯರು ಹತ್ತಬಹುದು’ ಎಂದರು. ಹುಡುಗಿ ಗಹಗಹಿಸಿ ನಕ್ಕಳು. ಅವಳ ಮಾತು ಅವರ ಕಿವಿಗೆ ಹೇಗೆ ಬಿದ್ದಿತ್ತೋ ತಿಳಿಯದು.

ಇಂಥ ಯಂತ್ರವನ್ನು ಮೊದಲು ಯೋಚಿಸಿದವರಲ್ಲಿ ಒಬ್ಬರು ತಾವೇ ಗಾಲಿಕುರ್ಚಿಯಲ್ಲಿದ್ದವರೆಂದು ಆ ಮೇಲೆ ಓದಿ ತಿಳಿದೆ. ಅಮೆರಿಕದ ಇಂಡಿಯಾನಾ ಸಂಸ್ಥಾನದ ವಿನಮಾಕ್ ಎಂಬ ಸಣ್ಣ ಊರಿನ ರಾಲ್ಫ್ ಬ್ರೌನ್ ಎಂಬುವರಿಗೆ ಬಾಲ್ಯದಿಂದ ಸ್ನಾಯುಗಳು ಕ್ಷೀಣಿಸುವ ರೋಗ. ಕೆಲಸಕ್ಕೆ ಹೋಗಲು ದಾರಿಯಿಲ್ಲದೆ ಮೊದಲು ಮೂರು ಚಕ್ರದ ಮೋಟಾರು ಗಾಡಿ ಮಾಡಿಕೊಂಡರು; 1960ರ ದಶಕದಲ್ಲಿ ಅಂಚೆಯ ಹಳೆಯ ಜೀಪಿಗೆ ಲಿಫ್ಟು ಕೂರಿಸಿದರು; 1970ರ ಸುಮಾರಿಗೆ ವ್ಯಾನಿಗೆ. ಅದನ್ನೇ ಕೈಗಾರಿಕೆಯಾಗಿ ಬೆಳೆಸಿ 2013ರಲ್ಲಿ ತೀರಿಕೊಂಡರು. ಹಳ್ಳಿಯ ಕೊಟ್ಟಿಗೆಯಲ್ಲಿ ಬಿಡಿಸಾಮಾನುಗಳಿಂದ ಕಟ್ಟಿದ ವಿದ್ಯೆ ಅದು. ಅದರ ಹಿಂದೆ ನಿಯಮಗಳೂ ಬಂದವು. 1990ರಲ್ಲಿ ಆ ದೇಶದಲ್ಲಿ ಅಂಗವಿಕಲರ ಹಕ್ಕಿನ ಕಾನೂನು ಬಂದ ಮೇಲೆ, ಸಾರ್ವಜನಿಕ ವಾಹನದ ಲಿಫ್ಟು 272 ಕಿಲೋ ಭಾರವನ್ನು ಎತ್ತಬೇಕೆಂದೂ, ಸವೆಯುವ ಹಗ್ಗ, ರಾಟೆ, ದಂಡಗಳು ಅದರ ಆರು ಪಟ್ಟನ್ನು ತಾಳುವಂತಿರಬೇಕೆಂದೂ ವಿಧಿಸಿದರು. ಆರು ಪಟ್ಟು ಏಕೆಂದು ಮೊದಲು ನನಗೆ ಅತಿಯೆನಿಸಿತು. ಬಾಗಿಲಿನ ಹಗ್ಗದ ಬಿಚ್ಚಿದ ಎಳೆಗಳನ್ನು ನೆನೆದಾಗ ಅತಿಯೆನಿಸಲಿಲ್ಲ.

ನಮ್ಮಲ್ಲಿಯೂ ಕಾನೂನಿದೆ. ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮದ 41ನೆಯ ಕಲಮು ಸಾರಿಗೆಯ ವಿಷಯದ್ದು. ಹಳೆಯ ವಾಹನಗಳನ್ನು ಮಾರ್ಪಡಿಸುವುದನ್ನು ಹೇಳುವಾಗ, ಅದು ತಾಂತ್ರಿಕವಾಗಿ ಸಾಧ್ಯವಾಗಿರಬೇಕು, ಅಂಗವಿಕಲರಿಗೆ ಸುರಕ್ಷಿತವಾಗಿರಬೇಕು, ಆರ್ಥಿಕವಾಗಿ ಕೈಗೆಟುಕುವಂತಿರಬೇಕು ಎಂದು ಅದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಕೊನೆಯ ಎರಡರ ಜಗಳವನ್ನೇ ನಾವು ಆ ಹತ್ತಡಿಯ ಅಂಗಡಿಯಲ್ಲಿ ಕಂಡದ್ದು. 1988ರ ಮೋಟಾರು ವಾಹನ ಕಾನೂನಿನ 52ನೆಯ ಕಲಮು, ನೋಂದಣಿಯ ವಿವರಗಳಿಗೆ ಹೊಂದದಂತೆ ವಾಹನವನ್ನು ಮನಬಂದಂತೆ ಬದಲಾಯಿಸಬಾರದೆನ್ನುತ್ತದೆ. ಕೆಟ್ಟ ಮೋಟಾರಿನ ಸ್ಥಳದಲ್ಲಿ ಅದೇ ಬಗೆಯದನ್ನು ಕೂರಿಸುವುದು ದುರಸ್ತಿ. ಹೊಸ ಲಿಫ್ಟನ್ನೇ ಕೂರಿಸುವುದು, ನೆಲವನ್ನು ಕತ್ತರಿಸುವುದು ಬೇರೆ ಮಾತು, ಅದಕ್ಕೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು.

ಈ ಸೀಮೆಯಲ್ಲಿ ದಾರಿ ತೋರಿದವರು ಇಲ್ಲದಿಲ್ಲ. ನಮ್ಮ ಮೇಟ್ಟುಪಾಳಯಂ ರಸ್ತೆಯಲ್ಲೇ ಉತ್ತರಕ್ಕೆ ಹೋದರೆ ಪೆರಿಯನಾಯ್ಕನ್‌ಪಾಳಯಂ. ಅಲ್ಲಿ ಅವಿನಾಶಿಲಿಂಗಂ ಅವರು 1930ರಲ್ಲಿ ಪ್ರಾರಂಭಿಸಿದ ರಾಮಕೃಷ್ಣ ವಿದ್ಯಾಲಯದ ಆವರಣದಲ್ಲಿ ವಿಶೇಷ ಶಿಕ್ಷಣದ ಉಪಾಧ್ಯಾಯರು ತಯಾರಾಗಿದ್ದಾರೆ. ಕೊಯಮತ್ತೂರಿನ ಸ್ವರ್ಗ ಫೌಂಡೇಶನ್ ಸಂಸ್ಥೆ ಗಾಲಿಕುರ್ಚಿಯವರಿಗೆಂದೇ ಒಂದು ವಾಹನವನ್ನು ಸಜ್ಜುಗೊಳಿಸಿ ‘ಸಾರಥಿ’ ಎಂದು ಹೆಸರಿಟ್ಟಿತು. ತೆಂಕಾಸಿಯ ಬಳಿಯ ಆಯಿಕುಡಿಯಲ್ಲಿ 1981ರಲ್ಲಿ ಅಮರ ಸೇವಾ ಸಂಗಮವನ್ನು ಕಟ್ಟಿದ ಎಸ್. ರಾಮಕೃಷ್ಣನ್ ಅವರು, 1975ರಲ್ಲಿ ನೌಕಾದಳದ ಆಯ್ಕೆಯ ಪರೀಕ್ಷೆಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಸೇರಿದವರು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಇವರೆಲ್ಲರ ದೊಡ್ಡ ಕೆಲಸಗಳ ಮುಂದೆ ಒಂದು ಮೋಟಾರಿನ ಕಥೆ ಸಣ್ಣದು. ಆದರೆ ದೊಡ್ಡ ಕೆಲಸಗಳೂ ಒಂದೊಂದು ದಿನ ಒಂದು ಬೋಲ್ಟಿನ ತುಕ್ಕಿನಿಂದ ನಿಲ್ಲುತ್ತವೆ.

ಹಣ ಕೂಡಿದ್ದು ಹೇಗೆಂದರೆ, ಸಂಸ್ಥೆ ಅರ್ಧ ಕೊಟ್ಟಿತು; ಉಳಿದದ್ದನ್ನು ನಮ್ಮ ಸಂಘದವರೂ ಮಕ್ಕಳ ಮನೆಯವರೂ ಹಂಚಿಕೊಂಡರು. ಅಣ್ಣಾಚ್ಚಿ ಕೂಲಿಯನ್ನು ಪೂರ್ತಿ ತೆಗೆದುಕೊಂಡರು. ಬಿಟ್ಟುಬಿಡುತ್ತಾರೆಂದು ಯಾರೋ ನಿರೀಕ್ಷಿಸಿದಂತಿತ್ತು. ನನಗೆ ಅವರು ತೆಗೆದುಕೊಂಡದ್ದೇ ಸರಿಯೆನಿಸಿತು. ಧರ್ಮಕ್ಕೆ ಮಾಡಿದ ಕೆಲಸವನ್ನು ಮತ್ತೆ ಕೇಳಲು ಸಂಕೋಚ; ಕೂಲಿ ಕೊಟ್ಟು ಮಾಡಿಸಿದ ಕೆಲಸ ಸರಿಯಿಲ್ಲದಿದ್ದರೆ ನಾಳೆಯೇ ಹೋಗಿ ಕೇಳಬಹುದು. ಎರಡಡಿ ಎತ್ತರವನ್ನು ಹಂಗಿಲ್ಲದೆ ದಾಟಬೇಕೆಂಬ ಹುಡುಗಿಗೆ ಹಂಗಿನ ಮೋಟಾರು ಏಕೆ?

ಈಗ ವ್ಯಾನಿನಲ್ಲಿ ಒಂದು ನೋಟುಪುಸ್ತಕವಿದೆ. ತಿಂಗಳಿಗೊಮ್ಮೆ ಬ್ಯಾಟರಿಯ ವೋಲ್ಟು, ಎಣ್ಣೆಯ ಮಟ್ಟ, ಹಗ್ಗದ ಸ್ಥಿತಿ, ಬಾಳೆದಿಂಡಿನ ಪರೀಕ್ಷೆ, ಕೈಪಂಪಿನ ಪರೀಕ್ಷೆ, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಚಾಲಕ ನೋಡಿ ಹೇಳುತ್ತಾನೆ, ಹುಡುಗಿ ಬರೆಯುತ್ತಾಳೆ. ಬರೆಯುವುದು ಕನ್ನಡದಲ್ಲಿ, ಮಗ್ಗುಲಲ್ಲಿ ಚಾಲಕನಿಗಾಗಿ ತಮಿಳಿನಲ್ಲಿ. ‘ಅರ್ತಿಂಗ್’ ಎಂಬುದನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಎಂದು ಅವಳು ಕೇಳಿದಳು. ‘ಭೂಸಂಪರ್ಕ’ ಎಂದು ಪುಸ್ತಕದ ಶಬ್ದವನ್ನು ಹೇಳಿದೆ. ಅವಳು ಸ್ವಲ್ಪ ಯೋಚಿಸಿ ಎರಡನ್ನೂ ಬರೆದುಕೊಂಡಳು.

ಕನ್ನಡ ಶಾಲೆಗಳ ನನ್ನ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮ ಶಾಲೆಯಲ್ಲಿ ಗಾಲಿಕುರ್ಚಿಯ ಮಗುವೊಂದು ಬರುವುದನ್ನು ನಿಲ್ಲಿಸಿದರೆ, ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಗುರುತಿಸಿ ಸುಮ್ಮನಾಗಬೇಡಿ. ಏನು ಕೆಟ್ಟಿದೆಯೆಂದು ಕೇಳಿ. ಕೆಟ್ಟಿರುವುದು ಮಗುವಿನ ಮನಸ್ಸಲ್ಲ, ಒಂದು ಸ್ವಿಚ್ಚೋ ಪಟ್ಟಿಯೋ ಇರಬಹುದು. ದುರಸ್ತಿಗೆ ಹೋದಾಗ ಹಳೆಯ ತಗಡಿನ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಏಕೆ ಕೆಟ್ಟಿತೆಂದು ಕೇಳಿ. ಮನುಷ್ಯರಿಗಿಂತ ಮೊದಲು ಸಿಮೆಂಟಿನ ಮೂಟೆಯನ್ನು ಹತ್ತಿಸಿ. ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಿ. ತನ್ನನ್ನು ಹೊರುವ ಯಂತ್ರದ ಮರ್ಮವನ್ನು ಬಲ್ಲ ಮಗು ಅದರ ಮೇಲೆ ಕೂರುವ ರೀತಿಯೇ ಬೇರೆ. ನಮ್ಮ ಹುಡುಗಿ ಈಗ ಒತ್ತಕ್ಷರಗಳನ್ನು ಮುಗಿಸಿದ್ದಾಳೆ. ಮುಂದಿನ ಭಾನುವಾರ ಅವಳೇ ಚಿಕ್ಕವರಿಗೆ ಕಾಗುಣಿತ ಹೇಳಿಕೊಡುತ್ತಾಳೆ.